ಅಪ್‌ಡೇಟ್: ರೋಮ್ ಕ್ರೂಸ್‌ಗೆ ಮುಂಚಿನ ರಾತ್ರಿ ಎಲ್ಲಿ ಉಳಿದೆವು

ಕ್ರೂಸ್ ಹೊರಡುವ ಹಿಂದಿನ ರಾತ್ರಿ ರೋಮ್ ಊರೊಳಗೆ ಉಳಿಯಬೇಕಾ, ಬಂದರಿನ ಹತ್ತಿರವೇ ಹೋಟೆಲ್ ಮಾಡಬೇಕಾ ಅಂತ ಕೇಳಿದ್ದೆ ಅಲ್ವಾ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೊನೆಗೆ ಹಡಗು ಹೊರಡುವ ಬಂದರಿನ ಊರಾದ ಚಿವಿತಾವೆಕ್ಕಿಯಾದಲ್ಲೇ ರೂಮ್ ಬುಕ್ ಮಾಡಿದೆವು, ಅಮ್ಮನೂ ಜೊತೆಗಿದ್ದರಿಂದ ಅದೇ ಸರಿಹೋಯಿತು.

ಇದು ಹೆಸರಿಗೆ ರೋಮ್ ಬಂದರು, ಆದರೆ ರೋಮ್ ಊರಿನಿಂದ ಸುಮಾರು 70 ಕಿಲೋಮೀಟರ್ ದೂರ. ಫ್ಯೂಮಿಚಿನೊ ಏರ್‌ಪೋರ್ಟಿನಿಂದ ರೋಮ್ ಸೆಂಟರ್‌ವರೆಗೆ ಹೋಗುವುದೇ ಬೇಡ, ತ್ರಾಸ್ತೆವೆರೆ ಸ್ಟೇಷನ್ನಿನಲ್ಲಿ ಇಳಿದು ಬೇರೆ ರೈಲು ಹತ್ತಿದರೆ ಸೀದಾ ಬಂದರಿನ ಊರಿಗೆ ಬರುತ್ತದೆ. ಪೇಪರ್ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಮೆಷಿನ್ನಿನಲ್ಲಿ ಸ್ಟ್ಯಾಂಪ್ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ದಂಡ ಬೀಳಬಹುದು.

ಹೋಟೆಲ್ ಹುಡುಕುವಾಗ 'ಬಂದರಿಗೆ ಹತ್ತಿರ' ಅನ್ನುವುದನ್ನು ಸುಮ್ನೆ ನಂಬಬೇಡಿ, ಸ್ಟೇಷನ್ನಿಗೆ ಎಷ್ಟು ದೂರ ಅಂತ ನೋಡಿ. ಬಂದರು ಬಹಳ ಉದ್ದವಾಗಿದೆ, ಸೂಟ್‌ಕೇಸ್ ಎಳೆದುಕೊಂಡು ಹಡಗಿನವರೆಗೆ ನಡೆಯುವುದು ಕಷ್ಟ. ನಾವು ಲಾರ್ಗೊ ದೆಲ್ಲಾ ಪಾಚೆ ಅನ್ನುವ ಜಾಗದಿಂದ ಶಟಲ್ ಬಸ್ ಹಿಡಿದೆವು.

ರೋಮ್ ನೋಡಲು ಟೈಮ್ ಇರುವವರು ಸ್ಯಾನ್ ಪಿಯೆತ್ರೊ ಸ್ಟೇಷನ್ ಹತ್ತಿರ ಉಳಿಯಬಹುದು. ವ್ಯಾಟಿಕನ್ ಪಕ್ಕದಲ್ಲೇ ಇದೆ, ಬಂದರಿಗೆ ಹೋಗುವ ರೈಲೂ ಅಲ್ಲಿ ನಿಲ್ಲುತ್ತದೆ. ಆದರೆ ಹಡಗು ಹೊರಡುವುದಕ್ಕೆ ಒಂದು ಗಂಟೆಗೂ ಮೊದಲೇ ಬೋರ್ಡಿಂಗ್ ಮುಗಿಸಿಬಿಡುತ್ತಾರೆ, ಮತ್ತೆ ಇಟಲಿಯಲ್ಲಿ ರೈಲು ಮುಷ್ಕರ ಆಗಾಗ ಇರುತ್ತದೆ. ಅದಕ್ಕೇ ವಯಸ್ಸಾದವರು ಜೊತೆಗಿದ್ದರೆ ನಾನಂತೂ ಬಂದರಿನ ಊರನ್ನೇ ಹೇಳುತ್ತೇನೆ.