ವರ್ಚುವಲ್ ಮಷೀನ್‌ನ ಡಿಸ್ಕ್ ಹೆಸರುಗಳು: ಗುಂಪಿನ ಪ್ರಶ್ನೋತ್ತರ

ಬೀದರ್ ಸದಸ್ಯೆ: ಸರ್, ಮನೆಯ ಕೆವಿಎಂನಲ್ಲಿ (ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನು, ಅಂದರೆ ವರ್ಚುವಲ್ ಮಷೀನನ್ನು, ಓಡಿಸುವ ಲಿನಕ್ಸ್ ವ್ಯವಸ್ಥೆ) ಡಿಸ್ಕ್ ವಿಡಿಎ ಅಂತ ಕಾಣುತ್ತದೆ. ಆಫೀಸಿನದರಲ್ಲಿ ಎಸ್‌ಡಿಎ. ಯಾಕೆ?

ಉತ್ತರ: ಡ್ರೈವರ್ ಬದಲಾದರೆ ಹೆಸರೂ ಬದಲಾಗುತ್ತದೆ. ವರ್ಟ್‌ಐಒ ಬ್ಲಾಕ್ (ವರ್ಚುವಲ್ ಮಷೀನ್‌ಗಳಿಗೆಂದೇ ಮಾಡಿದ ಡಿಸ್ಕ್ ಡ್ರೈವರ್) ಆದರೆ ವಿಡಿಎ, ಸಾಟಾ ಅಥವಾ ಸ್ಕಸಿ (ಮಾಮೂಲಿ ಡಿಸ್ಕ್ ಜೋಡಣೆಗಳು) ಆದರೆ ಎಸ್‌ಡಿಎ, ಝೆನ್ (ಕೆವಿಎಂನಂಥದೇ ಇನ್ನೊಂದು ವ್ಯವಸ್ಥೆ) ಆದರೆ ಎಕ್ಸ್‌ವಿಡಿಎ.

ಕಲಬುರಗಿ ಸದಸ್ಯ: ಸರ್, ನಮ್ಮದು ದಾಲ್ ಮಿಲ್. ಎಸ್‌ಡಿಬಿಯಲ್ಲಿ (ಎರಡನೇ ಡಿಸ್ಕ್) ಲೆಕ್ಕ, ಎಸ್‌ಡಿಸಿಯಲ್ಲಿ (ಮೂರನೇ ಡಿಸ್ಕ್) ಬ್ಯಾಕಪ್. ರಾತ್ರಿ ಸ್ಕ್ರಿಪ್ಟ್ ಎಸ್‌ಡಿಸಿಯನ್ನು ಫಾರ್ಮ್ಯಾಟ್ ಮಾಡಿ ಕಾಪಿ ಹಾಕುತ್ತದೆ. ನಿನ್ನೆ ಸಂಜೆ ಕರೆಂಟ್ ಹೋಗಿ ಬಂತು. ಇವತ್ತು ನೋಡಿದರೆ ನಿನ್ನೆ ಬರೆದ ಲೆಕ್ಕವೇ ಇಲ್ಲ, ಮೊನ್ನೆಯವರೆಗೆ ಎಲ್ಲ ಇದೆ. ಲಿಬ್‌ವರ್ಟ್ (ವರ್ಚುವಲ್ ಮಷೀನ್ ನೋಡಿಕೊಳ್ಳುವ ಸಾಫ್ಟ್‌ವೇರ್) ಫೈಲ್‌ನಲ್ಲಿ ಹೆಸರು ಸರಿಯಾಗಿಯೇ ಇದೆ.

ಸುರಪುರ ಸದಸ್ಯ: ಫಾರ್ವರ್ಡ್ ಬಂದಿದೆ ನೋಡಿ, ಎಫ್‌ಎಸ್‌ಸಿಕೆ (ಡಿಸ್ಕ್‌ನ ದೋಷ ಹುಡುಕಿ ತಿದ್ದುವ ಕಮಾಂಡ್) ಓಡಿಸಿದರೆ ಎಲ್ಲ ವಾಪಸ್ ಬರುತ್ತದಂತೆ.

ಉತ್ತರ: ಬರುವುದಿಲ್ಲ! ಫಾರ್ಮ್ಯಾಟ್ ಆದ ಮೇಲೆ ಅದು ಹೊಸ ಫೈಲ್ ಸಿಸ್ಟಮನ್ನೇ ನೋಡಿ "ಸರಿಯಿದೆ" ಅನ್ನುತ್ತದೆ. ದಯವಿಟ್ಟು ಇಂಥದ್ದನ್ನು ಹಾಕಬೇಡಿ.

ಕಲಬುರಗಿಯವರೇ, ನಿಮ್ಮ ಕೇಸ್ ನನಗೆ ಚಿಂತೆ ತಂದಿದೆ. ಲಿಬ್‌ವರ್ಟ್‌ನಲ್ಲಿ ಬರೆದ ಹೆಸರು ಡಿಸ್ಕ್‌ಗಳ ಸಾಲಿಗೆ ಒಂದು ಸೂಚನೆ ಅಷ್ಟೇ. ಒಳಗಿನ ಲಿನಕ್ಸ್ ತನಗೆ ಯಾವ ಡಿಸ್ಕ್ ಮೊದಲು ಸಿಕ್ಕಿತೋ ಅದಕ್ಕೆ ಮೊದಲ ಅಕ್ಷರ ಕೊಡುತ್ತದೆ. ರೀಬೂಟ್‌ನಲ್ಲಿ ಎರಡೂ ಅದಲುಬದಲಾಗಿವೆ ಅನಿಸುತ್ತದೆ. ಹಾಗಾದರೆ ನಿಮ್ಮ ಪ್ರೋಗ್ರಾಂ ಈಗ ಓದುತ್ತಿರುವುದು ಬ್ಯಾಕಪ್ ಡಿಸ್ಕನ್ನು. ನಿಜವಾದ ಲೆಕ್ಕದ ಡಿಸ್ಕ್ ರಾತ್ರಿ ಫಾರ್ಮ್ಯಾಟ್ ಆಗಿ, ಅದರ ಮೇಲೆ ಹಳೇ ಕಾಪಿ ಬಿದ್ದಿದೆ. ಹೋಗಿರುವುದು ಒಂದು ದಿನದ ಲೆಕ್ಕ. ಮೊದಲು ಕ್ರಾನ್ (ಸ್ಕ್ರಿಪ್ಟನ್ನು ಹೊತ್ತಿಗೆ ಸರಿಯಾಗಿ ತಾನೇ ಓಡಿಸುವ ಪ್ರೋಗ್ರಾಂ) ನಿಲ್ಲಿಸಿ. ಮಷೀನ್ ಆಫ್ ಮಾಡಿ, ಹೋಸ್ಟ್‌ನಲ್ಲಿ (ಅದನ್ನು ಓಡಿಸುವ ನಿಜವಾದ ಕಂಪ್ಯೂಟರ್) ಎರಡೂ ಡಿಸ್ಕ್ ಫೈಲ್‌ಗಳನ್ನು ಬೇರೆ ಕಡೆ ಕಾಪಿ ಮಾಡಿಡಿ. ಅಳಿದದ್ದನ್ನು ಹುಡುಕುವ ಸಾಫ್ಟ್‌ವೇರ್ ಮೇಲೆ ಜಾಸ್ತಿ ಆಸೆ ಇಡಬೇಡಿ. ಗಂಜ್‌ನ ತೂಕದ ಚೀಟಿಗಳು ಇವೆ ಅಲ್ವಾ? ನಿನ್ನೆಯದನ್ನು ಅವನ್ನು ನೋಡಿ ಮತ್ತೆ ಬರೆಯಿರಿ.

ಶಹಾಪುರ ಸದಸ್ಯ: ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡಿಸ್ಕ್ ಎಲ್ಲಿ ಸೇರಬೇಕು ಎಂಬ ಪಟ್ಟಿ) ಯುಯುಐಡಿ (ಫಾರ್ಮ್ಯಾಟ್ ಮಾಡುವಾಗ ಸಿಗುವ ಗುರುತಿನ ಸಂಖ್ಯೆ) ಹಾಕಿದ್ದರೆ ಇದೆಲ್ಲ ಆಗುತ್ತಿರಲಿಲ್ಲ.

ಹುಮನಾಬಾದ್ ಸದಸ್ಯ: ದಿನಾ ಫಾರ್ಮ್ಯಾಟ್ ಮಾಡಿದರೆ ದಿನಾ ಹೊಸ ಯುಯುಐಡಿ ಬರುತ್ತದೆ. ತಿಳಿಯದೆ ಹೇಳಬೇಡಿ.

ಶಹಾಪುರ ಸದಸ್ಯ: ನಾನು ಹೇಳಿದ್ದು ಲೆಕ್ಕದ ಡಿಸ್ಕ್‌ಗೆ. ಸರಿಯಾಗಿ ಓದಿ ಮಾತಾಡಿ.

ಹುಮನಾಬಾದ್ ಸದಸ್ಯ: ಅಳಿಸಿದ್ದು ಸ್ಕ್ರಿಪ್ಟ್! ಎಫ್‌ಎಸ್‌ಟ್ಯಾಬ್ ತಿದ್ದಿದರೆ ಸ್ಕ್ರಿಪ್ಟ್ ನಿಲ್ಲುತ್ತದಾ?



ಉತ್ತರ: ಜಗಳ ಸಾಕು. ಲೆಕ್ಕದ ಡಿಸ್ಕ್‌ಗೆ ಯುಯುಐಡಿ ಸರಿ. ಬ್ಯಾಕಪ್ ಡಿಸ್ಕ್‌ಗೆ ಲಿಬ್‌ವರ್ಟ್‌ನಲ್ಲಿ ಒಂದು ಸೀರಿಯಲ್ (ಡಿಸ್ಕ್‌ನ ಗುರುತು) ಕೊಡಿ. ಒಳಗೆ ಅದು ಬೈ-ಐಡಿ ಫೋಲ್ಡರ್‌ನಲ್ಲಿ (/dev/disk/by-id) ಕಾಣುತ್ತದೆ, ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಹೋಗುವುದಿಲ್ಲ. ಸ್ಕ್ರಿಪ್ಟ್‌ನಲ್ಲಿ ಆ ಹೆಸರೇ ಇರಲಿ. ಅದು ಸಿಗದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲಬೇಕು. ದಿನಾ ಫಾರ್ಮ್ಯಾಟ್ ಮಾಡುವುದೇ ತಪ್ಪು, ಅದನ್ನು ಬಿಡಿ.

ಆಳಂದ ಸದಸ್ಯ: ಅಮೆಜಾನ್ ಕ್ಲೌಡ್‌ನ ಬಾಡಿಗೆ ಮಷೀನ್‌ನಲ್ಲಿ ಡಿಸ್ಕ್‌ಗೆ ಎಸ್‌ಡಿಎಫ್ ಅಂತ ಕೊಟ್ಟೆ, ಒಳಗೆ ಎನ್‌ವಿಎಂಇ1ಎನ್1 ಬಂತು.

ಉತ್ತರ: ಅಮೆಜಾನ್‌ನ ನೈಟ್ರೋ ಬಗೆಯ ಮಷೀನ್‌ಗಳಲ್ಲಿ ಹಾಗೇ. ಸೀರಿಯಲ್‌ನಲ್ಲಿ ವಾಲ್ಯೂಮ್ ಐಡಿ (ಆ ಡಿಸ್ಕ್‌ಗೆ ಅಮೆಜಾನ್ ಕೊಟ್ಟ ಗುರುತು) ಇರುತ್ತದೆ, ಅದನ್ನು ನೋಡಿ.

ಸೇಡಂ ಸದಸ್ಯ: ವಿಡಿಎ, ಎಸ್‌ಡಿಎ ಎರಡೂ ಒಂದೇನಾ?

ಉತ್ತರ: ಮೇಲೆ ಓದಿ.

ಸುರಪುರ ಸದಸ್ಯ: ಎಫ್‌ಎಸ್‌ಸಿಕೆಯಿಂದ ನಮ್ಮ ಅಣ್ಣನ ಪೆನ್‌ಡ್ರೈವ್ ಸರಿಯಾಗಿತ್ತು, ನೀವು ಸುಮ್ನೆ ಬೈತೀರಿ.

ಉತ್ತರ: ಅದು ಫಾರ್ಮ್ಯಾಟ್ ಆದ ಡಿಸ್ಕ್ ಅಲ್ಲ. ಇನ್ನೊಮ್ಮೆ ಹಾಕಿದರೆ ಅಳಿಸುತ್ತೇನೆ. ಕಲಬುರಗಿಯವರೇ, ಕ್ರಾನ್ ನಿಲ್ಲಿಸಿದ್ದೀರಾ? ಇವತ್ತು ರಾತ್ರಿ ಸ್ಕ್ರಿಪ್ಟ್ ಮತ್ತೆ ಓಡುತ್ತದೆ.