ನೀರು ಇಳಿಯದ ಲೇಸಿನ ಬೂಟು: ಚಳಿಗಾಲದ ಚಾರಣಕ್ಕೆ ಮೊದಲು ಪ್ರಶ್ನೋತ್ತರ

ಅಡ್ಮಿನ್: ಡಿಸೆಂಬರ್ ಹತ್ತಿರ ಬಂತು. ಗುಂಪಿನಲ್ಲಿ ದಿನಾ ಒಂದೇ ಮಾತು. ನೀರು ಒಳಗೆ ಬಿಡದ, ಚಳಿಗೆ ಆಗುವ, ನಾಲ್ಕು ವರ್ಷ ಬಾಳುವ ಲೇಸಿನ ಬೂಟು ಯಾವುದು? ಹಾಗಾಗಿ ಶಿವಮೊಗ್ಗದಲ್ಲಿ ಬೂಟು ರಿಪೇರಿ ಅಂಗಡಿ ಇಟ್ಟಿರುವ ನಮ್ಮ ಅಣ್ಣನನ್ನೇ ಕರೆದಿದ್ದೇವೆ. ಮೊದಲು ಆಂಬೂರಿನ ಶೂ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಅಂಗಡಿ ಬಾಗಿಲು ಹಾಕಿ ಕೂತಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ, ದಯವಿಟ್ಟು.

ತುಂಗಾ ತೀರ: ನಮಸ್ಕಾರ ಅಣ್ಣ. ಮಳೆಗಾಲದಲ್ಲಿ ಆಗುಂಬೆ, ಕೊಡಚಾದ್ರಿ. ವರ್ಷಕ್ಕೊಮ್ಮೆ ಹಿಮಾಲಯ. ಎರಡಕ್ಕೂ ಒಂದೇ ಬೂಟು ಸಾಕಾಗುತ್ತಾ?

ಬೂಟಿನಂಗಡಿ: ನಮಸ್ಕಾರ. ಸಾಕಾಗುತ್ತೆ, ಆದರೆ ಒಂದು ಕಡೆ ರಾಜಿ ಆಗಬೇಕು. ನಮ್ಮಲ್ಲಿ ತೊಂದರೆ ನೀರು, ಚಳಿ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುತ್ತೆ. ಅಂಥ ಮಳೆಯಲ್ಲಿ ಪ್ಯಾಂಟು, ಕಾಲುಚೀಲ ಹಿಡಿದು ನೀರು ಮೇಲಿನಿಂದ ಇಳಿಯುತ್ತೆ. ಬೂಟಿನ ತಪ್ಪಲ್ಲ. ಬೂಟಿನ ಬಾಯಿ ಮುಚ್ಚುವ ಹಾಗೆ ಕಾಲಿಗೆ ಸುತ್ತುವ ಹೊದಿಕೆ ಬರುತ್ತೆ, ಗೇಟರ್ ಅಂತ. ಅದನ್ನು ಮೇಲೆ ಕಟ್ಟಿ.

ಗೋರ್‌ಟೆಕ್ಸ್ ಥರದ ಪದರ ಇರುವ ಬೂಟಿನ ಬಗ್ಗೆ ಒಂದು ಮಾತು. ಅದು ನೀರನ್ನು ತಡೆದು ಬೆವರಿನ ಆವಿಯನ್ನು ಹೊರಗೆ ಬಿಡುತ್ತೆ. ಒಳಗೆ ಬೆಚ್ಚಗೆ, ಹೊರಗೆ ತಣ್ಣಗೆ, ಒಣಗಿದ ಗಾಳಿ ಇದ್ದಾಗ ಆ ಆವಿ ಸಲೀಸಾಗಿ ಹೋಗುತ್ತೆ. ಆರಿದ್ರಾ ಮಳೆಯಲ್ಲಿ ಹೊರಗಿನ ಗಾಳಿಯೇ ತೇವ ತುಂಬಿ ನಿಂತಿರುತ್ತೆ. ಆಗ ಆವಿ ಎಲ್ಲಿಗೆ ಹೋಗಬೇಕು? ಕಾಲು ಬೆವರಿನಲ್ಲೇ ನೆನೆಯುತ್ತೆ. ಅದಕ್ಕೇ ಜನ ಬಂದು "ಲೀಕ್ ಆಗ್ತಿದೆ" ಅಂತಾರೆ. ಎಷ್ಟೋ ಸಲ ಲೀಕ್ ಆಗಿರುವುದು ಅವರ ಪಾದವೇ.

ಸಾಗರದ ಸೈಕಲ್: ಅಂಗಡಿಯಲ್ಲಿ ಎಲ್ಲಾ ಬೂಟಿಗೂ ವಾಟರ್‌ಪ್ರೂಫ್ ಅಂತ ಚೀಟಿ ಅಂಟಿಸಿರುತ್ತಾರೆ. ನಿಜ ಯಾವುದು ಅಂತ ನೋಡಿ ಹೇಳೋದು ಹೇಗೆ ಸರ್?

ಬೂಟಿನಂಗಡಿ: ಒಳ್ಳೇ ಪ್ರಶ್ನೆ. ಚೀಟಿ ಬಿಡಿ, ನಾಲಿಗೆ ನೋಡಿ. ಲೇಸು ಪೂರ್ತಿ ಬಿಚ್ಚಿ, ನಾಲಿಗೆಯನ್ನು ಮುಂದಕ್ಕೆ ಎಳೆಯಿರಿ. ಅದರ ಎರಡೂ ಪಕ್ಕ ಮಡಿಕೆ ಬಿದ್ದ ತೆಳು ಚರ್ಮವೋ ಬಟ್ಟೆಯೋ ಬೂಟಿನ ಮೈಗೆ ಹೊಲಿದಿರಬೇಕು, ಅದೂ ಮೇಲಿನ ಕೊಕ್ಕೆಗಳ ಹತ್ತಿರದವರೆಗೆ. ಆ ಹೊಲಿಗೆ ಎಲ್ಲಿ ನಿಲ್ಲುತ್ತೋ ಅಲ್ಲಿಯವರೆಗೆ ಮಾತ್ರ ನೀರಿನಲ್ಲಿ ನಿಲ್ಲಬಹುದು. ನಾಲಿಗೆ ಎರಡೂ ಕಡೆ ಬಿಡಿಯಾಗಿದ್ದರೆ ವಾಪಸ್ ಇಡಿ.

ಆಮೇಲೆ ಒಳಗಿನ ಮೆತ್ತೆ ಎತ್ತಿ ನೋಡಿ. ಕೆಳಗೆ ಸುತ್ತಲೂ ದಾರದ ಸಾಲು ಕಂಡರೆ ಸೋಲನ್ನು ಒಳಗಿನಿಂದಲೇ ಹೊಲಿದಿದ್ದಾರೆ ಅಂತ ಅರ್ಥ. ಆಫೀಸಿಗೆ ಚಂದ. ಮಳೆಗೆ ಬೇಡ, ಆ ದಾರ ಹಿಡಿದೇ ನೀರು ಮೇಲೆ ಬರುತ್ತೆ. ಗುಡ್‌ಇಯರ್ ವೆಲ್ಟ್ ಅನ್ನುವ ಕಟ್ಟುವಿಕೆಯಲ್ಲಿ ಹೊರಗೆ ಒಂದು ಚರ್ಮದ ಪಟ್ಟಿ ಇಟ್ಟು, ಸೋಲನ್ನು ಅದಕ್ಕೆ ಹೊಲಿಯುತ್ತಾರೆ. ದಾರ ಒಳಗೆ ತೂರಲ್ಲ. ಸೋಲ್ ಸವೆದಾಗ ಬಿಚ್ಚಿ ಹೊಸದು ಹಾಕಬಹುದು. ಬಾಳಿಕೆ ಬೇಕು ಅನ್ನೋರು ಇದನ್ನೇ ಕೇಳಿ. ಭಾರ ಜಾಸ್ತಿ, ಪಳಗಲು ಟೈಮ್ ಬೇಕು.

ಮನೆಗೆ ತಂದ ಮೇಲೆ ಒಳಗೆ ಒಣ ಪೇಪರ್ ತುರುಕಿ, ಬಕೆಟ್ ನೀರಿನಲ್ಲಿ ನಾಲಿಗೆಯ ಹೊಲಿಗೆಗಿಂತ ಕೆಳಗಿನ ಮಟ್ಟಕ್ಕೆ 15 ನಿಮಿಷ ಇಡಿ. ಮೇಲೆ ಕಲ್ಲು ಇಟ್ಟು ಒತ್ತಿ. ಪೇಪರ್ ಎಲ್ಲಿ ನೆಂದಿದೆ ನೋಡಿ. ಬೆರಳು ಮಡಚುವ ಜಾಗದಲ್ಲೇ ಮೊದಲು ನೆನೆಯುತ್ತೆ.

ಮಳೆಹುಚ್ಚ: ಬಕೆಟ್‌ಗೆ ಹಾಕಿದ ಬೂಟು ಅಂಗಡಿಯವರು ವಾಪಸ್ ತಗೋತಾರಾ?

ಬೂಟಿನಂಗಡಿ: ಅವರನ್ನೇ ಕೇಳಿ.

ರಿಟೈರ್ಡ್ ಮೇಷ್ಟ್ರು: ಬಂದ ಮೆಸೇಜು: ಯಾವುದೇ ಬೂಟಿಗೆ ಮೇಣದ ಬತ್ತಿ ಉಜ್ಜಿ, ಹೇರ್ ಡ್ರೈಯರ್ ಹಿಡಿದರೆ 100 ಶೇಕಡಾ ವಾಟರ್‌ಪ್ರೂಫ್. ಚರ್ಮ ಗಟ್ಟಿಯಾಗಿದ್ದರೆ ಕೊಬ್ಬರಿ ಎಣ್ಣೆ. ಎಲ್ಲರಿಗೂ ತಿಳಿಸಿ 🙏

ಬೂಟಿನಂಗಡಿ: ಮೇಷ್ಟ್ರೇ, ತಿಳಿಸಬೇಡಿ. ಕ್ಯಾನ್ವಾಸ್ ಶೂಗೆ ಮೇಣ ಒಂದಷ್ಟು ನಡೆಯುತ್ತೆ. ಚರ್ಮದ ಬೂಟಿಗೆ ಡ್ರೈಯರ್‌ನ ಬಿಸಿ ಹಿಡಿದರೆ ಸೋಲಿನ ಅಂಟು ಸಡಿಲ ಆಗುತ್ತೆ. ಮೇಣ ಮಡಿಕೆ ಬಿದ್ದಲ್ಲೆಲ್ಲ ಬಿರಿಯುತ್ತೆ. ಕೊಬ್ಬರಿ ಎಣ್ಣೆ ಹಚ್ಚಿದ ಬೂಟು ಜುಲೈನಲ್ಲಿ ನೋಡಿದ್ದೀರಾ? ಹಸಿರು ಬೂಷ್ಟು, ಕಮಟು ವಾಸನೆ. ಬೂಟಿಗೆ ಅಂತಲೇ ಬರುವ ಮೇಣ ಸಿಗುತ್ತೆ. ಚೂರೇ ಚೂರು, ಹೊಲಿಗೆಯ ಮೇಲೆ ಬೆರಳಲ್ಲಿ ಒತ್ತಿ ಹಚ್ಚಿ. ಸಾಕು.

ಅಡಿಕೆ ತೋಟ: ಇಷ್ಟೆಲ್ಲ ಎಂತಕ್ಕೆ ಮಾರಾಯ್ರೇ? ಗಂಬೂಟು ಹಾಕಿ. ನಾವು ಮಳೆಗಾಲ ಪೂರ್ತಿ ಅದರಲ್ಲೇ ಇರ್ತೀವಿ. ನೀರು ಬಂದದ್ದು ಇಲ್ಲ.

ತುಂಗಾ ತೀರ: ಗಂಬೂಟಲ್ಲಿ ಕೊಡಚಾದ್ರಿ ಹತ್ತಿ ಇಳಿದು ಆಮೇಲೆ ಹೇಳಿ. ಇಳಿಜಾರಲ್ಲಿ ಕಾಲು ಮುಂದಕ್ಕೆ ಜಾರಿ ಉಗುರು ಕಪ್ಪಾಗುತ್ತೆ.

ಅಡಿಕೆ ತೋಟ: ನಮ್ಮಜ್ಜ ಬರಿಗಾಲಲ್ಲಿ ಹತ್ತಿದ್ದರು.

ತುಂಗಾ ತೀರ: ನಿಮ್ಮಜ್ಜನ ಪಾದ ನಿಮಗಿದೆಯಾ?

ಬೂಟಿನಂಗಡಿ: ಇಬ್ಬರೂ ಸರಿ. ತೋಟಕ್ಕೆ ಗಂಬೂಟೇ ಸರಿ, ಅದರಲ್ಲೂ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವಾಗ. ಆ ಸುಣ್ಣ, ಮೈಲುತುತ್ತ ಚರ್ಮದ ಮೇಲೆ ಬಿದ್ದರೆ ಚರ್ಮವೂ ಹಾಳು, ದಾರವೂ ಹಾಳು. ಗುಡ್ಡ ಹತ್ತಲು ಹರಡನ್ನು ಬಿಗಿಯಾಗಿ ಹಿಡಿಯುವ ಲೇಸಿನ ಬೂಟು. ಮುಂದಿನ ಪ್ರಶ್ನೆ.

ಕಾಡುಮಲ್ಲಿಗೆ: ಅಣ್ಣ, ಹೆಂಗಸರ 4ನೇ ನಂಬರಿನ ಎತ್ತರದ ಬೂಟು ಶಿವಮೊಗ್ಗದಲ್ಲಿ ಎಲ್ಲಾದರೂ ಸಿಗುತ್ತಾ? ಎಲ್ಲಿ ಕೇಳಿದರೂ ಗಂಡಸರ 6 ತೋರಿಸಿ ಎರಡು ಕಾಲುಚೀಲ ಹಾಕಿಕೊಳ್ಳಿ ಅಂತಾರೆ.

ಹೊಸನಗರ ಘಾಟಿ: ಸರ್, ಒಂದು ಅರ್ಜೆಂಟ್ ವಿಷಯ. ತಮ್ಮ ಡಿಸೆಂಬರ್ ಕೊನೆಗೆ ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಹೋಗ್ತಿದ್ದಾನೆ. 2017ರಲ್ಲಿ ತಗೊಂಡ ಒಳ್ಳೇ ಕಂಪನಿ ಬೂಟು ಇದೆ. ಅಪರೂಪಕ್ಕೆ ಹಾಕಿದ್ದು. ಡಬ್ಬಿ ಸಮೇತ ಅಟ್ಟದ ಮೇಲಿತ್ತು. ಮೇಲ್ಭಾಗ ಹೊಸದರ ಹಾಗೇ ಇದೆ. ನಿನ್ನೆ ತೆಗೆದಾಗ ಡಬ್ಬಿಯಲ್ಲಿ ಸ್ವಲ್ಪ ಬೂದು ಪುಡಿ ಬಿದ್ದಿತ್ತು. ಹಿಮ್ಮಡಿ ಹತ್ತಿರ ಸೋಲ್ ಒಂದು ಬೆರಳು ಬಿಟ್ಟಿದೆ. ಫೆವಿಕ್ವಿಕ್ ಹಾಕಿ ಒತ್ತಿದ್ದೇವೆ, ಗಟ್ಟಿ ಕೂತಿದೆ. ಹೋಗಬಹುದು ಅಲ್ವಾ?

ಬೂಟಿನಂಗಡಿ: ಬೇಡ. ಆ ಬೂಟಿನಲ್ಲಿ ಕಳಿಸಬೇಡಿ. ಉಳಿದವರೂ ಇದನ್ನು ಓದಿ.

ಬಿಟ್ಟಿರುವುದು ಅಂಟಲ್ಲ. ಕೆಳಗಿನ ಕಪ್ಪು ರಬ್ಬರಿಗೂ ಮೇಲಿನ ಚರ್ಮಕ್ಕೂ ಮಧ್ಯೆ ಮೆತ್ತಗಿನ ಪದರ ಇರುತ್ತಲ್ಲ, ಬಹಳ ಬೂಟುಗಳಲ್ಲಿ ಅದು ಪಾಲಿಯುರೆಥೇನ್, ನಾವು ಪಿಯು ಅಂತೀವಿ. ನಡೆಯಲು ಅಷ್ಟು ಹಿತ ಬೇರೊಂದಿಲ್ಲ. ಆದರೆ ಗಾಳಿಯ ತೇವ ಅದರೊಳಗೆ ಸೇರಿ, ಆ ವಸ್ತುವಿನ ಕೊಂಡಿಗಳನ್ನೇ ನಿಧಾನಕ್ಕೆ ಕಡಿದುಹಾಕುತ್ತೆ. ಹೈಡ್ರಾಲಿಸಿಸ್ ಅಂತ ಹೆಸರು. ಶಖೆ ಮತ್ತು ತೇವ ಎರಡೂ ಇದ್ದರೆ ಬೇಗ. ನಮ್ಮ ಮನೆಗಳ ಅಟ್ಟದಲ್ಲಿ ಎರಡೂ ಧಾರಾಳ. ಸಾಮಾನ್ಯವಾಗಿ ತಯಾರಾದ 5ರಿಂದ 10 ವರ್ಷದೊಳಗೆ ಇದು ಶುರುವಾಗುತ್ತೆ, ಹಾಕಿದರೂ ಹಾಕದಿದ್ದರೂ. ಹಾಕದೆ ಡಬ್ಬಿಯಲ್ಲಿ ಇಟ್ಟದ್ದೇ ಬೇಗ ಹೋಗುತ್ತೆ, ಯಾಕೆಂದರೆ ನಡೆಯುವಾಗ ಒತ್ತಿ ಒತ್ತಿ ಒಳಗಿನ ತೇವ ಅಷ್ಟಿಷ್ಟು ಹೊರಬೀಳುತ್ತೆ. ನೀವು ಜೋಪಾನ ಮಾಡಿದ್ದೇ ಅದಕ್ಕೆ ಮುಳುವಾಯಿತು.

ನೀವು ನೋಡಿದ ಪುಡಿ ಅದೇ. ಈಗ ಬೂಟು ಮಗುಚಿ, ಹಿಮ್ಮಡಿಯ ಪಕ್ಕದ ಪದರಕ್ಕೆ ಹೆಬ್ಬೆರಳ ಉಗುರು ಒತ್ತಿ. ಒಳ್ಳೇದಾಗಿದ್ದರೆ ಒತ್ತಿದ್ದು ಮೇಲೇಳುತ್ತೆ. ಹಳಸಿದ್ದರೆ ಉಗುರಿನ ಗುರುತು ಹಾಗೇ ಉಳಿಯುತ್ತೆ, ಇಲ್ಲವೇ ರಸ್ಕಿನ ಹಾಗೆ ಉದುರುತ್ತೆ. ಕೆಲವು ಬೂಟಿನಲ್ಲಿ ಜಿಗುಟು ಜಿಗುಟಾಗಿ ಕೈಗೆ ಅಂಟುತ್ತೆ. ಸೋಲನ್ನು ಮಡಚಿ ನೋಡಿ, ಕೂದಲೆಳೆ ಬಿರುಕು ಕಾಣುತ್ತಾ?

ಫೆವಿಕ್ವಿಕ್ ಗಟ್ಟಿ ಕೂತಿದೆ ಅಂದಿರಿ. ಅದು ಪುಡಿಯ ಮೇಲೆ ಕೂತಿದೆ. ಮುಂದಿನ ಸಲ ಸೋಲ್ ಮಡಚಿದಾಗ ಅದರ ಪಕ್ಕದ ಪುಡಿ ಕಿತ್ತು ಬರುತ್ತೆ. ಆ ಅಂಟು ಒಣಗಿದರೆ ಗಾಜಿನಷ್ಟು ಪೆಡಸು, ಮಡಚುವ ಜಾಗಕ್ಕೆ ಆಗೋದೇ ಇಲ್ಲ. ಒಂದು ಬೂಟು ಬಿಟ್ಟರೆ ಇನ್ನೊಂದೂ ಅದೇ ದಿನ ಬಿಡಬಹುದು, ಎರಡೂ ಒಂದೇ ದಿನ ಎರೆದದ್ದು. ಕೇದಾರಕಂಠದ ತುದಿ 12,500 ಅಡಿ. ಡಿಸೆಂಬರ್ ರಾತ್ರಿ ಸೊನ್ನೆಗಿಂತ ಎಷ್ಟೋ ಕೆಳಗೆ. ತುದಿಗೆ ಹೊರಡುವುದು ಬೆಳಗಿನ ಜಾವ, ಕತ್ತಲಲ್ಲಿ, ಹಿಮದಲ್ಲಿ. ಅಲ್ಲಿ ಸೋಲ್ ಕಳಚಿ ಕಾಲುಚೀಲ ನೆಂದರೆ ಬೆರಳು ಉಳಿಯುವುದು ಕಷ್ಟ. ನಾನು ಡಾಕ್ಟರಲ್ಲ, ಆದರೆ ಇದಕ್ಕೆ ಡಾಕ್ಟರ್ ಬೇಕಿಲ್ಲ.

ಈಗ ಏನು ಮಾಡೋದು. ಹೊಸ ಬೂಟಿಗೆ ದುಡ್ಡಿದ್ದರೆ ಇವತ್ತೇ ತಗೊಂಡು, ಹೊರಡುವವರೆಗೆ ದಿನಾ ಹಾಕಿ ಓಡಾಡಲಿ. ನಾಲಿಗೆಯ ಒಳಗಿನ ಚೀಟಿಯಲ್ಲಿ ತಯಾರಾದ ತಿಂಗಳು ಇದ್ದರೆ ಓದಿ. ಅರ್ಧ ಬೆಲೆಗೆ ಕೊಡುವ ಹಳೇ ಸ್ಟಾಕ್ ಕೂಡ ಅಷ್ಟೇ ಹಳಸಿರಬಹುದು. ಇಲ್ಲ ಅಂದರೆ ಚಾರಣ ಶುರುವಾಗುವ ಸಾಂಕ್ರಿ ಹಳ್ಳಿಯಲ್ಲಿ ಬೂಟು, ಗೇಟರ್, ಹಿಮದಲ್ಲಿ ಜಾರದಂತೆ ಬೂಟಿನ ಕೆಳಗೆ ಕಟ್ಟುವ ಮುಳ್ಳು ಬಾಡಿಗೆಗೆ ಸಿಗುತ್ತೆ. ಅಲ್ಲೂ ಉಗುರು ಒತ್ತಿ ನೋಡಿಯೇ ತಗೊಳ್ಳಲಿ. ಚೀಲದಲ್ಲಿ ನಾಲ್ಕು ಉದ್ದನೆ ಕೇಬಲ್ ಟೈ ಇರಲಿ, ದಾರಿಯಲ್ಲಿ ಏನಾದರೂ ಆದರೆ ಸುತ್ತಿ ಕಟ್ಟಲು.

ಮೇಲ್ಭಾಗ ಚೆನ್ನಾಗಿದ್ದರೆ ಹಳೇದನ್ನು ಎಸೆಯಬೇಡಿ. ಪಿಯು ಪೂರ್ತಿ ಕೆರೆದು ತೆಗೆದು, ಇವಿಎ ಅನ್ನುವ ಬೇರೆ ಬಗೆಯ ಮೆತ್ತನೆ ಫೋಮ್ ಮತ್ತು ರಬ್ಬರ್ ಹಾಕಿ ಕೊಡ್ತೇನೆ. ಕುಪ್ಪಳಿ, ಹುಂಚ ಸುತ್ತಾಡಲು ಆಗುತ್ತೆ. ಹಿಮಕ್ಕೆ ನಾನು ಜವಾಬ್ದಾರಿ ಹೊರಲ್ಲ.

ಹೊಸನಗರ ಘಾಟಿ: ಉಗುರು ಒತ್ತಿದೆ ಸರ್. ಗುರುತು ಹಾಗೇ ಇದೆ. ತಮ್ಮ ಒಪ್ಪುತ್ತಿಲ್ಲ, "ಹದಿಮೂರು ಸಾವಿರದ ಬೂಟು" ಅಂತಾನೆ.

ಬೂಟಿನಂಗಡಿ: ಅವನಿಗೇ ಫೋನ್ ಕೊಡಿ, ನಾನು ಮಾತಾಡ್ತೇನೆ.

ಭದ್ರಾವತಿ ಶಿಫ್ಟ್: ಕಾರ್ಖಾನೆಯಲ್ಲಿ ಕೊಟ್ಟ ಸೇಫ್ಟಿ ಬೂಟು ಇದೆ. ಎಸ್3 ಅಂತ ಬರೆದಿದೆ. ಲೇಸಿದೆ, ಗಟ್ಟಿ ಇದೆ. ಹಿಮಕ್ಕೆ ಆಗುತ್ತಾ?

ಬೂಟಿನಂಗಡಿ: ಆಗಲ್ಲ. ಎಸ್3 ಅಂದರೆ ಮೇಲ್ಚರ್ಮ ನೀರು ತಡೆಯುತ್ತೆ ಅಂತ, ಇಡೀ ಬೂಟು ಅಂತಲ್ಲ. ಇಡೀ ಬೂಟಿಗೆ ಡಬ್ಲ್ಯೂಆರ್ ಅಂತ ಇರಬೇಕು. ಸೋಲಿನ ಚಳಿ ತಡೆಗೆ ಸಿಐ. ಮುಂದಿನ ಕಬ್ಬಿಣದ ಟೋಪಿ ಬೆರಳಿನ ಬಿಸಿ ಎಳೆದುಕೊಳ್ಳುತ್ತೆ.

ಮಳೆಹುಚ್ಚ: ಚಳಿಗೆ ಮೂರು ಜೊತೆ ಕಾಲುಚೀಲ ಹಾಕಿದರೆ ಯಾವ ಬೂಟಾದರೂ ನಡೆಯುತ್ತೆ ಅಂತ ನನ್ನ ಅನುಭವ.

ಬೂಟಿನಂಗಡಿ: ನಡೆಯಲ್ಲ. ಬೂಟು ಬಿಗಿಯಾದರೆ ರಕ್ತ ಓಡಲ್ಲ, ಕಾಲು ಇನ್ನೂ ತಣ್ಣಗಾಗುತ್ತೆ. ಒಂದು ತೆಳು, ಮೇಲೊಂದು ದಪ್ಪ ಉಣ್ಣೆ. ಹತ್ತಿ ಬೇಡ. ಅದೇ ಚೀಲ ಹಾಕಿಕೊಂಡು, ಸಂಜೆ ಹೊತ್ತು, ಪಾದ ಊದಿರುವಾಗ ಬೂಟು ನೋಡಿ. ಬೆರಳು ಒಳಗೆ ಆಡಬೇಕು. ಲೇಸು ಬೆರಳ ಕಡೆ ಸಡಿಲ, ಹರಡಿನಲ್ಲಿ ಬಿಗಿ.

ಸಹ್ಯಾದ್ರಿ ಸುತ್ತಾಟ: ಸರ್ ಯಾವ ಬೂಟು ಒಳ್ಳೇದು? ಬಜೆಟ್ 3,000.

ಬೂಟಿನಂಗಡಿ: ನಾಲಿಗೆ, ಹೊಲಿಗೆ, ಬಕೆಟ್. ಮೇಲೆ ಬರೆದಿದ್ದೇನೆ.

ಸಹ್ಯಾದ್ರಿ ಸುತ್ತಾಟ: ಕಂಪನಿ ಹೆಸರು ಹೇಳಿ ಸರ್ ಪ್ಲೀಸ್.

ಬೂಟಿನಂಗಡಿ: ಹೇಳಲ್ಲ. ಕಂಪನಿ ಅದೇ ಇದ್ದು ಮಾಲು ಬದಲಾಗುತ್ತೆ.

ತುಂಗಾ ತೀರ: ಹಳದಿ ಎಂಟುಮೂಲೆ ಗುರುತಿನ ವಿಬ್ರಾಮ್ ಸೋಲ್ ಇದ್ದರೆ ಕಣ್ಣುಮುಚ್ಚಿ ತಗೋಬಹುದು. 1937ರಿಂದ ಇದೆ.

ಬೂಟಿನಂಗಡಿ: ಕಣ್ಣು ಬಿಟ್ಟುಕೊಂಡೇ ತಗೊಳ್ಳಿ. ಅದು ಕೆಳಗಿನ ರಬ್ಬರು ಮಾತ್ರ, ಮೇಲಿನದಕ್ಕೆ ಗ್ಯಾರಂಟಿ ಅಲ್ಲ. ಹಳದಿ ಚೀಟಿಯ ನಕಲಿಯೂ ಬಂದಿದೆ.

ರಿಟೈರ್ಡ್ ಮೇಷ್ಟ್ರು: ಬೂಟು ಬಿಗಿ ಇದ್ದರೆ ಒಳಗೆ ನೀರಿನ ಪ್ಲಾಸ್ಟಿಕ್ ಚೀಲ ಇಟ್ಟು ಫ್ರೀಜರ್‌ನಲ್ಲಿ ಒಂದು ರಾತ್ರಿ ಇಡಿ, ಮಂಜುಗಡ್ಡೆ ಹಿಗ್ಗಿಸುತ್ತದೆ. ಉಂಬಳ (ಜಿಗಣೆ) ಹತ್ತದಿರಲು ಬೂಟಿಗೆ ಡೀಸೆಲ್ ಸವರಿ.

ಬೂಟಿನಂಗಡಿ: ಮೇಷ್ಟ್ರೇ, ಈ ಮೆಸೇಜ್ ಕಳಿಸಿದವರು ಬೂಟು ಹೊಲಿದವರಲ್ಲ. ಚೀಲ ಒಡೆದರೆ ಬೂಟೆಲ್ಲ ನೀರು, ಹಿಗ್ಗಿದರೆ ಹೊಲಿಗೆ ಎಳೆಯುತ್ತೆ. ಡೀಸೆಲ್ ರಬ್ಬರನ್ನೂ ಅಂಟನ್ನೂ ತಿನ್ನುತ್ತೆ. ಉಂಬಳ ನಾಲಿಗೆಯ ಪಕ್ಕದಿಂದ, ಮೇಲಿನ ಬಾಯಿಂದ ಬರುತ್ತೆ. ದಟ್ಟ ನೇಯ್ಗೆಯ ಮೊಣಕಾಲುದ್ದದ ಉಂಬಳದ ಕಾಲುಚೀಲ ಹಾಕಿ ಅದರ ಮೇಲೆ ಬೂಟು ಕಟ್ಟಿ.

ಅಡಿಕೆ ತೋಟ: ಉಂಬಳಕ್ಕೆ ಹೊಗೆಸೊಪ್ಪಿನ ನೀರೇ ಸರಿ. ಪೇಟೆಯವರಿಗೆ ಎಲ್ಲದಕ್ಕೂ ಒಂದು ಚೀಲ ಬೇಕು.

ತುಂಗಾ ತೀರ: ಪೇಟೆಯವರು ಅಂತ ಯಾರಿಗೆ ಹೇಳಿದ್ದು? ನಮ್ಮದೂ ತೋಟ ಇದೆ.

ಅಡಿಕೆ ತೋಟ: ತೋಟ ಇದ್ದವರು ಬೂಟಿಗೆ ಹದಿಮೂರು ಸಾವಿರ ಕೊಡಲ್ಲ.

ಹೊಸನಗರ ಘಾಟಿ: ಅದು ನಮ್ಮ ಮನೆ ವಿಷಯ. ನಿಮಗೇನು?

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ.

ಕಾಡುಮಲ್ಲಿಗೆ: ವಿಷಯದಲ್ಲೇ ಇದ್ದೇನೆ. 4ನೇ ನಂಬರ್?

ಮಳೆಹುಚ್ಚ: ಅಕ್ಕ, ಮಕ್ಕಳ ಸೆಕ್ಷನ್ ನೋಡಿ.

ಕಾಡುಮಲ್ಲಿಗೆ: ನಿಮ್ಮನ್ನು ಕೇಳಲಿಲ್ಲ.

ಸಾಗರದ ಸೈಕಲ್: ಒದ್ದೆ ಬೂಟನ್ನು ಬಚ್ಚಲೊಲೆ ಹತ್ತಿರ ಇಟ್ಟರೆ ಒಂದೇ ರಾತ್ರಿಗೆ ಒಣಗುತ್ತೆ. ಇಡಬಹುದಾ?

ಬೂಟಿನಂಗಡಿ: ಒಣಗುತ್ತೆ, ಸೌದೆಯಂತೆ ಸೆಟೆಯುತ್ತೆ ಕೂಡ. ನೆಂದ ಚರ್ಮಕ್ಕೆ ಬೆಂಕಿ ತಾಗಿದರೆ ಕುಗ್ಗಿ ಬಿರಿಯುತ್ತೆ. ಒಳಮೆತ್ತೆ ಹೊರಗೆ ತೆಗೆದು, ಪೇಪರ್ ತುಂಬಿ, ಎರಡು ಗಂಟೆಗೊಮ್ಮೆ ಬದಲಿಸಿ, ಗಾಳಿ ಆಡುವಲ್ಲಿ ಇಡಿ. ಫ್ಯಾನ್ ಹಾಕಿ, ಬಿಸಿ ಬೇಡ.

ಜೋಗದ ದಾರಿ: ಸರ್ ಮೇಣದ ಬತ್ತಿ ಉಜ್ಜಿದರೆ ವಾಟರ್‌ಪ್ರೂಫ್ ಆಗುತ್ತಂತೆ ಹೌದಾ?

ಬೂಟಿನಂಗಡಿ: ಇಲ್ಲ.

ರಿಟೈರ್ಡ್ ಮೇಷ್ಟ್ರು: ಅಷ್ಟು ಸಿಡುಕುವ ಅಗತ್ಯ ಇಲ್ಲ. ಗೊತ್ತಿದ್ದವರು ಹಂಚಿಕೊಳ್ಳುತ್ತಾರೆ.

ಬೂಟಿನಂಗಡಿ: ಮೇಷ್ಟ್ರೇ, ನಿಮ್ಮ ಮೇಲೆ ಸಿಟ್ಟಿಲ್ಲ. ಈ ಮೆಸೇಜುಗಳನ್ನು ನಂಬಿ ಹಾಳು ಮಾಡಿದ ಬೂಟು ಕೊನೆಗೆ ಬರುವುದು ನನ್ನ ಮುಂದೆ. ಹಾಳಾದದ್ದು ಸರಿ ಆಗಲ್ಲ ಅಂದರೆ ಬೈಸಿಕೊಳ್ಳುವುದೂ ನಾನೇ.

ಹೊಸನಗರದವರೇ, ನಿಮ್ಮ ತಮ್ಮನ ಹತ್ತಿರ ಮಾತಾಡಿದೆ. ಬುಧವಾರ ಬೂಟು ಹಿಡಿದು ಅಂಗಡಿಗೆ ಬರ್ತಾನಂತೆ. ಅವನ ಕಣ್ಣೆದುರೇ ಸೋಲ್ ಎಳೆದು ತೋರಿಸ್ತೇನೆ, ಕೈಯಲ್ಲೇ ಬರುತ್ತೆ. ಬಾಡಿಗೆ ಬೂಟಿಗೆ ಈಗಲೇ ಸಾಂಕ್ರಿಗೆ ಫೋನ್ ಮಾಡಿ ಅವನ ಬೂಟಿನ ನಂಬರ್ ಹೇಳಿಡಿ, ಡಿಸೆಂಬರ್ ಕೊನೆಗೆ ಅಲ್ಲಿ ಜನ ಜಾಸ್ತಿ. ಉಳಿದ ಪ್ರಶ್ನೆ ನಾಳೆ ನೋಡ್ತೇನೆ.

ಸಹ್ಯಾದ್ರಿ ಸುತ್ತಾಟ: ಸರ್ ಆನ್‌ಲೈನ್ ಲಿಂಕ್ ಇದ್ದರೆ ಹಾಕಿ.