ಅಪ್‌ಡೇಟ್: ರೂಟರ್‌ನ ಪಿಆರ್‌ಐ ಪೋರ್ಟ್ ಕೊನೆಗೂ ಎದ್ದಿತು

ರೂಟರ್‌ನ ಇ1 ವಾಯ್ಸ್ ಮಾಡ್ಯೂಲನ್ನು (ಹಲವು ಕರೆಗಳನ್ನು ಒಟ್ಟಿಗೆ ಸಾಗಿಸುವ ಪಿಆರ್‌ಐ ಡಿಜಿಟಲ್ ಫೋನ್ ಲೈನ್‌ನ ಪೋರ್ಟ್ ಇರುವ ಭಾಗ) ಪಿಬಿಎಕ್ಸ್‌ಗೆ, ಅಂದರೆ ಕಚೇರಿಯ ಒಳಗಿನ ಫೋನ್ ಎಕ್ಸ್‌ಚೇಂಜ್‌ಗೆ, ನೇರವಾಗಿ ಜೋಡಿಸಿದರೆ ಸಿಗ್ನಲ್ಲೇ ಬರುತ್ತಿಲ್ಲ ಎಂದು ಕೇಳಿದ್ದೆ. ಈಗ ಕರೆಗಳು ಎರಡೂ ಕಡೆಯಿಂದ ಹೋಗುತ್ತಿವೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಕೇಬಲ್ ಪರೀಕ್ಷಿಸಿ ಎಂದವರ ಮಾತೇ ಸರಿ. ರ‍್ಯಾಕ್‌ನಲ್ಲಿದ್ದದ್ದು ಈಥರ್ನೆಟ್ ಕ್ರಾಸ್‌ಓವರ್. ಕಂಪ್ಯೂಟರ್ ನೆಟ್‌ವರ್ಕ್‌ನ ಈ ಕೇಬಲ್‌ನಲ್ಲಿ 1 ಮತ್ತು 3ನೇ ಪಿನ್, 2 ಮತ್ತು 6ನೇ ಪಿನ್ ಅದಲುಬದಲಾಗಿರುತ್ತವೆ. ಇ1 ಪೋರ್ಟ್ ಬಳಸುವುದು 1, 2, 4, 5ನೇ ಪಿನ್‌ಗಳನ್ನು. ಒಂದು ಜೋಡಿ ಕಳಿಸಲು, ಇನ್ನೊಂದು ಪಡೆಯಲು. ಹಾಗಾಗಿ 1ನ್ನು 4ಕ್ಕೆ, 2ನ್ನು 5ಕ್ಕೆ ದಾಟಿಸಬೇಕು. ಕನೆಕ್ಟರ್ ನೋಡಲು ಒಂದೇ ಥರ, ಸಲೀಸಾಗಿ ಕೂರುತ್ತದೆ, ಅದೇ ಅಪಾಯ. ಹೊಸ ಕೇಬಲ್ ಹಾಕಿದ ತಕ್ಷಣ ಅಲಾರಂ ಹೋಯಿತು.

ಆದರೂ ಲೇಯರ್ 2, ಅಂದರೆ ಕೇಬಲ್ ಮೇಲೆ ಎರಡು ತುದಿಗಳ ನಡುವೆ ಏರ್ಪಡಬೇಕಾದ ಸಂಪರ್ಕ, ಏಳಲಿಲ್ಲ. ಸ್ಟೇಟಸ್‌ನಲ್ಲಿ ‘ಟಿಇಐ ಅಸೈನ್ಡ್’ (ವಿಳಾಸ ಇದೆ, ಸಂಪರ್ಕ ಇನ್ನೂ ಇಲ್ಲ) ಎಂದೇ ನಿಂತಿತ್ತು. ಎರಡೂ ತುದಿಗಳು ಯೂಸರ್ ಸೈಡ್ ಆಗಿದ್ದವು. ಪಿಆರ್‌ಐನಲ್ಲಿ ಒಂದು ತುದಿ ನೆಟ್‌ವರ್ಕ್ ಸೈಡ್ ಆಗಲೇಬೇಕು, ಅಲ್ವಾ? ಕರೆಗಳನ್ನು ನಿಯಂತ್ರಿಸುವ ಸಂಕೇತಗಳು ಸಾಗುವ ಡಿ ಚಾನೆಲ್‌ನಲ್ಲಿ ರೂಟರನ್ನು ನೆಟ್‌ವರ್ಕ್ ಸೈಡ್ ಮಾಡಿದ ಮೇಲೆ ‘ಮಲ್ಟಿಪಲ್ ಫ್ರೇಮ್ ಎಸ್ಟಾಬ್ಲಿಶ್ಡ್’, ಅಂದರೆ ಸಂಪರ್ಕ ಏರ್ಪಟ್ಟಿದೆ ಎಂದು ಬಂತು.

ಬಿಆರ್‌ಐ (ಪಿಆರ್‌ಐಗಿಂತ ಚಿಕ್ಕ ಡಿಜಿಟಲ್ ಫೋನ್ ಲೈನ್) ಮಾಡ್ಯೂಲ್ ಇರುವವರಿಗೆ ಒಂದು ಮಾತು: ಈ ಕೇಬಲ್ ಅಲ್ಲಿ ನಡೆಯುವುದಿಲ್ಲ. ಅದರ ಎಸ್/ಟಿ ಪೋರ್ಟ್‌ಗೆ 3, 4, 5, 6ನೇ ಪಿನ್‌ಗಳು. ಎನ್‌ಟಿಗೆ (ನೆಟ್‌ವರ್ಕ್ ತುದಿಯ ಸಾಧನ) ಟಿಇ (ಬಳಕೆದಾರರ ತುದಿಯ ಸಾಧನ) ಜೋಡಿಸುವುದಾದರೆ ನೇರ ಕೇಬಲ್ ಸಾಕು.

ಕ್ಲಾಕ್ (ಎರಡೂ ತುದಿಗಳ ವೇಗ ಹೊಂದಿಸುವ ಸಂಕೇತ) ಬಗ್ಗೆಯೂ ಯಾರೋ ಎಚ್ಚರಿಸಿದ್ದರು. ಪಿಬಿಎಕ್ಸ್‌ಗೆ ಟೆಲಿಕಾಂ ಲೈನ್‌ನಿಂದ ಕ್ಲಾಕ್ ಸಿಗುತ್ತದೆ. ಅದಕ್ಕೇ ರೂಟರ್ ಅದನ್ನೇ ಅನುಸರಿಸುವಂತೆ ಇಟ್ಟಿದ್ದೇನೆ. ಈಗ ಸ್ಲಿಪ್ (ವೇಗ ಹೊಂದದೆ ಆಗುವ ತಪ್ಪು) ಎಣಿಕೆ ಏರುತ್ತಿಲ್ಲ, ಫ್ಯಾಕ್ಸ್ ಕೂಡ ಸರಿಯಾಗಿ ಹೋಗುತ್ತಿದೆ.